ಬರ್ತೀನಿ ಅಂದ ಬೀರು

ಸೈಕಲ್ ರೇಸಿನವನೆಂದರೆ ಜನ ಕಡ್ಡಿ ಪೈಲ್ವಾನನೊಬ್ಬನನ್ನು ಊಹಿಸಿಕೊಳ್ಳುತ್ತಾರೆ. ಇವನು ಹಾಗಿರಲಿಲ್ಲ. ಎದುರಿನಿಂದ ಬಂದರೆ ಹಿಂದಿನ ರಸ್ತೆ ಕಾಣುತ್ತಿರಲಿಲ್ಲ. ಭುಜ ಅಗಲ, ಬೆನ್ನು ಅದಕ್ಕಿಂತ ಅಗಲ, ಕುತ್ತಿಗೆ ಇದೆಯೋ ಇಲ್ಲವೋ ಎಂಬುದು ಅವನ ಕಾಲರಿಗಷ್ಟೇ ಗೊತ್ತು. ತಂಡಕ್ಕೆ ಸೇರಿದ ಮೊದಲ ದಿನವೇ ಯಾರೋ ‘ಬೀರು’ ಎಂದರು. ಬಟ್ಟೆ ಇಡುವ ಕಬ್ಬಿಣದ ಬೀರು. ಆ ಹೆಸರು ಹತ್ತೊಂಬತ್ತು ವರ್ಷ ಅಲುಗಾಡದೆ ನಿಂತಿತು. ಯಾರಾದರೂ ಹುಡುಕಿಕೊಂಡು ಬಂದರೆ ಹೆಂಡತಿಯೂ “ಬೀರು ಮನೇಲಿಲ್ಲ” ಎನ್ನುತ್ತಿದ್ದಳು. ಹೊಸಬರು, ಪಾಪ, ಇವರು ಬಟ್ಟೆ ಎಲ್ಲಿಡುತ್ತಾರೋ ಎಂದುಕೊಂಡು ಹೋಗುತ್ತಿದ್ದರು.

ಇಂಥವನನ್ನು ತಂಡ ಸಂಬಳ ಕೊಟ್ಟು ಇಟ್ಟುಕೊಂಡದ್ದು ಆ ಬೆನ್ನಿಗಾಗಿಯೇ. ರೇಸಿನಲ್ಲಿ ಎಲ್ಲರಿಗಿಂತ ದೊಡ್ಡ ಶತ್ರು ಗಾಳಿ. ಮುಂದಿರುವವನು ಗಾಳಿ ಸೀಳಿಕೊಂಡು ಹೋದರೆ ಹಿಂದಿರುವವನಿಗೆ ಅರ್ಧ ಶ್ರಮ ಉಳಿಯುತ್ತದೆ. ತಂಡದಲ್ಲಿ ‘ಮಿಂಚು’ ಎಂಬ ಅಡ್ಡಹೆಸರಿನ ಚುರುಕು ಸವಾರನಿದ್ದ. ಅವನು ಇಡೀ ದಿನ ಬೀರುವಿನ ಬೆನ್ನಿಗೆ ಅಂಟಿಕೊಂಡು, ಹೆಚ್ಚುಕಡಿಮೆ ಆರಾಮಕುರ್ಚಿಯಲ್ಲಿ ಕೂತವನಂತೆ ಬರುತ್ತಿದ್ದ. ಗುರಿಗೆ ಇನ್ನು ಎಂಟು ಕಿಲೋಮೀಟರ್ ಇರುವಾಗ ಬೀರು ಪಕ್ಕಕ್ಕೆ ಸರಿಯಬೇಕು, ಮಿಂಚು ಮುಂದೆ ಚಿಮ್ಮಬೇಕು. ಮಿಂಚು ಕಪ್ ಎತ್ತಿಕೊಂಡು ಫೋಟೊಗೆ ಹಲ್ಲು ಬಿಟ್ಟು ಮುಗಿಯುವಷ್ಟರಲ್ಲಿ ಬೀರು ನಿಧಾನವಾಗಿ ಬರುತ್ತಿದ್ದ. ಅಷ್ಟು ಹೊತ್ತಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ ಆಗಿರುತ್ತಿತ್ತು.

ಅಷ್ಟಗಲದ ಜೆರ್ಸಿಯನ್ನು ಯಾವ ಕಂಪನಿಯೂ ಹೊಲಿಯುತ್ತಿರಲಿಲ್ಲ. ಅವನ ಹೆಂಡತಿ ಟೈಲರ್. ಎರಡು ಜೆರ್ಸಿ ಬಿಚ್ಚಿ ಒಂದು ಮಾಡಿ ಹೊಲಿದುಕೊಟ್ಟಳು. ತಂಡಕ್ಕೆ ದುಡ್ಡು ಹಾಕುತ್ತಿದ್ದದ್ದು ಹಾಸಿಗೆ ಮಾರುವವರು. ಜೆರ್ಸಿಯ ಬೆನ್ನ ಮೇಲೆ ‘ಸುಖವಾಗಿ ಮಲಗಿ’ ಎಂದು ಅಚ್ಚು ಹಾಕಿಸಿದ್ದರು. ಬೀರುವಿನ ಬೆನ್ನ ಮೇಲೆ ಅದು ‘ಸುಖವಾಗಿ ಮಲಗಿ ಸುಖವಾಗಿ ಮಲಗಿ’ ಎಂದಾಯಿತು. ಅವನ ಹಿಂದೆ ಇನ್ನೂರು ಕಿಲೋಮೀಟರ್ ಅದನ್ನೇ ಓದುತ್ತ ಬಂದ ಎದುರಾಳಿಗಳು ಆಕಳಿಸಿದ್ದನ್ನು ಕಣ್ಣಾರೆ ಕಂಡವರಿದ್ದಾರೆ.

ಅವನ ರೀತಿನೀತಿಯೂ ಉಳಿದವರಂತಿರಲಿಲ್ಲ. ರೇಸಿನ ಸೈಕಲ್ಲಿಗೆ ಬೆಲ್ ಹಾಕಿಸಿಕೊಂಡವನು ಅವನೊಬ್ಬನೇ. ಯಾರನ್ನಾದರೂ ದಾಟುವ ಮೊದಲು ಬೆಲ್ ಮಾಡಿ, “ಸ್ವಲ್ಪ ಜರುಗ್ತೀರಾ” ಎಂದು ಕೇಳುತ್ತಿದ್ದ. ಇದೆಲ್ಲ ಅವನ ಅಮ್ಮ ಕಿವಿ ಹಿಂಡಿ ಕಲಿಸಿದ್ದು. ಜನರನ್ನು ತಳ್ಳಿಕೊಂಡು ಹೋಗಬಾರದು, ಹೇಳದೆ ಹೊರಡಬಾರದು, ಹೊರಡುವಾಗ ಅಪ್ಪಿತಪ್ಪಿಯೂ ‘ಹೋಗ್ತೀನಿ’ ಎನ್ನಬಾರದು, ‘ಬರ್ತೀನಿ’ ಎನ್ನಬೇಕು. ಹೋಗ್ತೀನಿ ಅಂದವರು ಹೋಗೇ ಬಿಡ್ತಾರೆ ಎಂದು ಅವಳು ಹೆದರಿಸಿದ್ದಳು. ಅಮ್ಮ ತೀರಿಕೊಂಡ ಮೇಲೂ ಆ ಹೆದರಿಕೆ ಮಾತ್ರ ಗಟ್ಟಿಯಾಗಿ ಉಳಿಯಿತು. ಹಾಗಾಗಿ ಎಂಟು ಕಿಲೋಮೀಟರ್ ಉಳಿದಾಗ, ಅಂಥ ವೇಗದಲ್ಲೂ, ಇದ್ದಷ್ಟು ಕುತ್ತಿಗೆ ತಿರುಗಿಸಿ ಮಿಂಚುವಿಗೆ “ಬರ್ತೀನಿ” ಎಂದು ಹೇಳಿಯೇ ಸರಿಯುತ್ತಿದ್ದ. ಮೊದಲ ಸಲ ಮಿಂಚು, ಇವನೂ ಜೊತೆಗೆ ಬರುತ್ತಾನೇನೋ ಎಂದು ಕಾದು ನಿಧಾನಿಸಿ ರೇಸನ್ನೇ ಕಳೆದುಕೊಂಡಿದ್ದ.

ಇಷ್ಟೆಲ್ಲ ಇದ್ದರೂ ಅವನ ಹೆಂಡತಿಗೆ ಸೈಕಲ್ ಬರುತ್ತಿರಲಿಲ್ಲ. ಮದುವೆಯಾದ ವಾರವೇ ಅವಳು ಕಲಿಸಿಕೊಡಿ ಎಂದಿದ್ದಳು. ಬಿಡುವಾಗಲಿ, ಕಲಿಸ್ತೀನಿ ಎಂದಿದ್ದ. ವರ್ಷದಲ್ಲಿ ಹತ್ತು ತಿಂಗಳು ಅವನು ಊರೂರಿನ ರಸ್ತೆಗಳಲ್ಲಿ. ಅವಳು ಮಾತ್ರ ಹೊಲಿದ ಬಟ್ಟೆಗಳ ಗಂಟು ಹೊತ್ತು ದಿನವೂ ಅಂಗಡಿಗೂ ಗಿರಾಕಿಗಳ ಮನೆಗೂ ನಡೆದಳು. ಗಂಡನಿಗೆ ಎರಡು ಚಕ್ರ, ಹೆಂಡತಿಗೆ ಎರಡು ಕಾಲು ಎಂದು ಬೀದಿಯವರು ಆಡಿಕೊಂಡರು. ಅವಳು ಹಟಕ್ಕೆ ಬಿದ್ದು ಒಂದು ಕೆಂಪು ಸೈಕಲ್ ಕೊಂಡು ತಂದು ನಡುಮನೆಯ ಗೋಡೆಗೆ ಒರಗಿಸಿದಳು. ಆರು ವರ್ಷದಲ್ಲಿ ಅದರ ಮೇಲೆ ಒದ್ದೆ ಟವೆಲ್ ಬಿಟ್ಟರೆ ಬೇರೆ ಯಾರೂ ಕೂತಿರಲಿಲ್ಲ.

ನಲವತ್ತಮೂರಕ್ಕೆ ಬೀರುವಿನ ಬಲಮಂಡಿ ಕಟಕ್ ಕಟಕ್ ಎನ್ನತೊಡಗಿತು. ಇನ್ನು ಸಾಕು ಎಂದು ಅವನು ನಿರ್ಧರಿಸಿದ. ಹೆಂಡತಿಗೆ ಹಿಡಿಸಲಾರದಷ್ಟು ಸಂತೋಷ. ಅವಳು ಸೈಕಲ್ಲಿನ ಮೇಲಿದ್ದ ಟವೆಲ್ ತೆಗೆದಳು, ಚೈನಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಬಿಟ್ಟಳು. ಇನ್ನೆರಡು ವರ್ಷ ತಡವಾಗಿದ್ದರೆ, ಕಲಿಯುವಾಗ ಬಿದ್ದು ಮುರಿದ ಮೂಳೆ ಈ ವಯಸ್ಸಿಗೆ ಕೂಡುತ್ತಿರಲಿಲ್ಲ ಎಂದೂ ಹೇಳಿದಳು.

ಬೀಳ್ಕೊಡುಗೆ ಸಂಜೆ ಐದಕ್ಕೆ ಶುರುವಾಗಬೇಕಿತ್ತು, ಆರಕ್ಕೆ ಶುರುವಾಯಿತು. ಪ್ಲಾಸ್ಟಿಕ್ ಕುರ್ಚಿ, ಕೀಂಯ್ ಎನ್ನುವ ಮೈಕು, ಉಡುಗೊರೆಗೆ ಗೋಡೆ ಗಡಿಯಾರ. ಹೆಂಡತಿ ಒಬ್ಬ ಗಿರಾಕಿಯ ಅವಸರದ ಹೊಲಿಗೆಯಲ್ಲಿ ಸಿಕ್ಕಿಬಿದ್ದು ಬಂದಿರಲಿಲ್ಲ. ಮ್ಯಾನೇಜರ್ ಮಾತಾಡಿ, ಮುಂದಿನ ವರ್ಷ ಈ ಬೆನ್ನಿಲ್ಲದೆ ನಾವೇನು ಮಾಡೋದು ಎಂದು ಕೇಳಿ ಮೈಕನ್ನು ಬೀರುವಿನ ಕೈಗಿತ್ತರು. ಭಾಷಣ ಬೀರುವಿಗೆ ಬರುತ್ತಿರಲಿಲ್ಲ. ಮೇಲಾಗಿ ಏಳು ಗಂಟೆಯ ಬಸ್ಸು ಬೇರೆ. ಅವನು ಎಲ್ಲರಿಗೂ ಕೈ ಮುಗಿದು ಒಂದೇ ಮಾತು ಹೇಳಿದ: “ಬರ್ತೀನಿ.” ಹೇಳಿದವನೇ ಗಡಿಯಾರ ಕಂಕುಳಲ್ಲಿಟ್ಟುಕೊಂಡು ಹೊರಟ. ಹಿಂದೆ ಚಪ್ಪಾಳೆಯೋ ಚಪ್ಪಾಳೆ. ಜನ ನನ್ನನ್ನು ಇಷ್ಟು ಹಚ್ಚಿಕೊಂಡಿದ್ದಾರಲ್ಲ ಎಂದು ಬಸ್ಸಿನಲ್ಲಿ ಕಣ್ಣೊರೆಸಿಕೊಂಡ.

ಮರುದಿನ ಪೇಪರಿನಲ್ಲಿ ‘ನಿವೃತ್ತಿ ಹಿಂಪಡೆದ ಬೀರು’ ಎಂದು ಅಚ್ಚಾಗಿತ್ತು. ಹೆಂಡತಿ ಅದನ್ನು ಎರಡು ಸಲ ಓದಿ ಅವನ ಮುಂದಿಟ್ಟಳು.

“ನಿನ್ನೆ ಅಲ್ಲಿ ಏನಂದ್ರಿ?”

“ಏನಿಲ್ಲ. ಬರ್ತೀನಿ ಅಂದೆ.”

“ಮುಂದಿನ ವರ್ಷ ಏನು ಮಾಡೋದು ಅಂತ ಅವರು ಕೇಳಿದ್ದಕ್ಕೆ ಬರ್ತೀನಿ ಅಂದ್ರಾ?”

ಬೀರು ಪೇಪರನ್ನು ಎಳೆದುಕೊಂಡು ತಾನೂ ಒಂದು ಸಲ ಓದಿದ.

ಅವತ್ತೇ ಮ್ಯಾನೇಜರ ಆಫೀಸಿಗೆ ಓಡಿದ. ಗೋಡೆ ತುಂಬ ನೇತುಹಾಕಿದ ಟ್ಯೂಬುಗಳು, ಮೇಜಿನ ಮೇಲೆ ಬಿಚ್ಚಿಟ್ಟ ಪೆಡಲ್ಲು, ಮ್ಯಾನೇಜರ ಒಂದೊಂದು ಕಿವಿಗೆ ಒಂದೊಂದು ಫೋನು. ಬೀರು ಮಂಡಿ ತೋರಿಸಿದ, ಮನೆಯ ವಿಷಯ ಹೇಳಿದ, ಅದು ಬರುವ ಬರ್ತೀನಿ ಅಲ್ಲ, ಹೊರಡುವ ಬರ್ತೀನಿ ಎಂದು ಬಿಡಿಸಿ ಬಿಡಿಸಿ ವಿವರಿಸಿದ. ಅವರು ಎಲ್ಲದಕ್ಕೂ ತಲೆ ಆಡಿಸಿದರು. ಬೀರು ನಿರಾಳವಾಗಿ ಎದ್ದು, “ಸರಿ ಸರ್, ಬರ್ತೀನಿ” ಎಂದ. “ಗೊತ್ತಪ್ಪ, ನೀನು ಬಂದೇ ಬರ್ತೀಯ ಅಂತ,” ಎಂದರು ಮ್ಯಾನೇಜರ್. ಎರಡನೆಯ ಸಲ ಹೋದಾಗಲೂ ಅದೇ ಕತೆ. ಅವರಿಗೆ ಅರ್ಥವಾಗಲಿಲ್ಲವೋ, ಅರ್ಥವಾಗದವರ ಹಾಗಿದ್ದರೋ ದೇವರಿಗೇ ಗೊತ್ತು. ನೆಟ್ಟಗೆ ‘ಹೋಗ್ತೀನಿ’ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಜಪ್ಪಯ್ಯ ಅಂದರೂ ಅವನ ನಾಲಿಗೆ ಅತ್ತ ಹೊರಳಲಿಲ್ಲ.

ಹೊಸ ವರ್ಷದ ಜೆರ್ಸಿ ಎರಡು ಬಂದವು. ಹೆಂಡತಿ ಮಾತಿಲ್ಲದೆ ಬಿಚ್ಚಿ ಹೊಲಿದಳು. ಅವಳ ಪರವಾಗಿ ಮಷಿನ್ನೇ ಬೈಯಿತು. ಮೊದಲ ರೇಸಿನ ಬೆಳಿಗ್ಗೆ ಅವನು ಶೂ ಕಟ್ಟಿಕೊಳ್ಳುತ್ತಿದ್ದಾಗ ಅವಳು ನಡುಮನೆಯಲ್ಲಿ ನಿಂತು ಹೇಳಿದಳು: “ಇವತ್ತು ಹಳೇ ಸಾಮಾನಿನವನಿಗೆ ಬರೋಕೆ ಹೇಳಿದ್ದೀನಿ. ಸೈಕಲ್ ಕೊಟ್ಟುಬಿಡ್ತೀನಿ. ಇನ್ನು ನಂಗೆ ಆಸೆ ಇಲ್ಲ.”

ಜಗಳ ಆಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಜಗಳ ಆಡಲಿಲ್ಲ. ರೇಸಿನುದ್ದಕ್ಕೂ ಆ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ರಸ್ತೆ ಅವನ ಮನೆಯ ಬಡಾವಣೆಯನ್ನು ಬಳಸಿಕೊಂಡು ಹೋಗುವಲ್ಲಿಗೆ ಸರಿಯಾಗಿ ಎಂಟು ಕಿಲೋಮೀಟರಿನ ಫಲಕ ಬಂತು. ಮ್ಯಾನೇಜರ ಕಾರು ಪಕ್ಕದಲ್ಲೇ ಇತ್ತು, ಕಿಟಕಿಯ ಗಾಜು ಇಳಿಸಿತ್ತು. ಬೀರು ಪಕ್ಕಕ್ಕೆ ಸರಿದ. ಮಿಂಚು ಎಂದಿನ ಮಾತಿಗಾಗಿ ಕಿವಿಗೊಟ್ಟ. ಬೀರುವಿನ ಕಣ್ಣಮುಂದೆ ಅಮ್ಮ ಬಂದು ನಿಂತಳು. ಅವನು ಕಣ್ಣು ಮುಚ್ಚಿಕೊಂಡ.

“ಹೋಗ್ತೀನಿ,” ಎಂದ.

ಮಿಂಚು ಬೆಚ್ಚಿ ಬ್ರೇಕ್ ಹಿಡಿದ. ಮ್ಯಾನೇಜರ್ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, “ಏಯ್, ಬಿಡ್ತು ಅನ್ನು. ಹಾಗೆಲ್ಲ ಹೇಳಬಾರದು, ಬರ್ತೀನಿ ಅನ್ನು,” ಎಂದರು.

“ಇಲ್ಲ ಸರ್. ಬರಲ್ಲ. ಹೋಗ್ತೀನಿ.”

ಬೆನ್ನಿನ ನಂಬರು ಕಿತ್ತು ಕಿಟಕಿಯೊಳಗೆ ಕೊಟ್ಟು, ಬೆಲ್ ಮಾಡಿ, ಸೈಕಲ್ಲನ್ನು ಮನೆಯ ರಸ್ತೆಗೆ ತಿರುಗಿಸಿದ. ಅವತ್ತು ಮಿಂಚು ಹನ್ನೊಂದನೆಯವನಾಗಿ ಬಂದ.

ಬಾಗಿಲಲ್ಲಿ ಹಳೇ ಸಾಮಾನಿನವನು ಕೆಂಪು ಸೈಕಲ್ಲನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸಿ ನೋಡುತ್ತಿದ್ದ. ಬೀರು ಏದುಸಿರು ಬಿಡುತ್ತ ಬಂದು, ಅದನ್ನು ಅವನ ಕೈಯಿಂದ ತೆಗೆದುಕೊಂಡು ನೆಟ್ಟಗೆ ನಿಲ್ಲಿಸಿದ. ಹೆಂಡತಿ ಇಂಚುಪಟ್ಟಿ ಕುತ್ತಿಗೆಗೆ ಹಾಕಿಕೊಂಡೇ ಹೊರಗೆ ಬಂದಳು.

“ಹತ್ತು ನೋಡೋಣ,” ಎಂದ ಬೀರು.

“ರೇಸು?”

“ಹೋಗ್ತೀನಿ ಅಂದುಬಿಟ್ಟೆ.”

ಅವಳು ಅವನ ಮುಖವನ್ನೇ ನೋಡಿದಳು. ಆ ಮಾತು ಅವನ ಗಂಟಲು ದಾಟಲು ಎಷ್ಟು ಕಷ್ಟವೆಂದು ಅವಳಷ್ಟು ಬಲ್ಲವರು ಯಾರೂ ಇರಲಿಲ್ಲ. “ಬಾಯಿಬಿಟ್ಟು ಹಾಗೇ ಅಂದ್ರಾ?” ಎಂದಳು.

“ಎರಡು ಸಲ.”

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

ಪಾಠ ಅಂಗಡಿಯ ಹಿಂದಿನ ಉದ್ದ ರಸ್ತೆಯಲ್ಲಿ ನಡೆಯಿತು. ಬೀರು ಸೀಟು ಹಿಡಿದು ಓಡುತ್ತಿದ್ದ, ಅವಳು ಬಿಡಬೇಡಿ ಬಿಡಬೇಡಿ ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಎರಡು ಸಲ ಚರಂಡಿಗೆ ಇಳಿದರು, ಒಂದು ಸಲ ಪೋಸ್ಟ್‌ಮ್ಯಾನನ ಮೇಲೆ. ಐದನೆಯ ದಿನ ಅವಳು ಇದ್ದಕ್ಕಿದ್ದಂತೆ “ಬಿಡಿ” ಎಂದಳು. ಬೀರು ಕೈ ಬಿಟ್ಟ. ಸೈಕಲ್ ಆ ಕಡೆ ವಾಲಿತು, ಈ ಕಡೆ ವಾಲಿತು, ಆಮೇಲೆ ನೆಟ್ಟಗೆ ಹೊರಟಿತು. ಹಿಂದಿರುಗಿ ನೋಡದೆಯೇ ಅವಳು, “ಬರ್ತೀನಿ ರೀ,” ಎಂದು ಕೂಗಿದಳು.

ಕೈ ಬೀಸುತ್ತ ನಿಂತ ಬೀರುವಿಗೆ, ಬ್ರೇಕ್ ಹಿಡಿಯುವುದನ್ನೂ ತಿರುಗಿಸುವುದನ್ನೂ ನಾಳೆಗೆಂದು ಉಳಿಸಿದ್ದು ತಟ್ಟನೆ ನೆನಪಾಯಿತು. ಅವನು ಓಡಿದ. ಗಾಳಿ ಎದುರಿನಿಂದಲೇ ಬೀಸುತ್ತಿತ್ತು. ಅವಳ ಸಣ್ಣ ಬೆನ್ನು ಅದರಲ್ಲಿ ಒಂದು ಪಾಲನ್ನೂ ತಡೆಯಲಿಲ್ಲ. ಆದರೂ ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರ ಬೆನ್ನ ಹಿಂದಿದ್ದ ಬೀರುವಿಗೆ, ಮಂಡಿ ಕಟಕ್ ಎನ್ನುತ್ತಿದ್ದರೂ, ಮೈ ಹಗುರಾಗಿತ್ತು.

“ರೀ,” ದೂರದಿಂದ ಅವಳ ದನಿ ಬಂತು, “ಬರೋದು ಹೇಗೆ?”