ಕೊತ್ತಂಬರಿಗೆ ಇಬ್ಬರು ಸಾಕ್ಷಿಗಳು

ತಸ್ತೂರಿನ ಪುರಸಭೆಯಲ್ಲಿ ಮೂವತ್ತೊಂದು ವರ್ಷ ಜನನ-ಮರಣ ಬರೆದ ತಿಜಾನಿ ನಿವೃತ್ತನಾದ ಮೇಲೆ ಮನೆಯ ಹಿತ್ತಲಿಗೆ ಇಳಿದ. ಸಾರ್ಡೀನ್ ಡಬ್ಬಿಗಳ ಮುಚ್ಚಳ ಕತ್ತರಿಸಿ, ಬಣ್ಣದಲ್ಲಿ ಹೆಸರು, ಬಿತ್ತಿದ ದಿನ ಬರೆದು, ಗೂಟಕ್ಕೆ ಹೊಡೆದು ಪ್ರತಿ ಪಾತಿಯಲ್ಲೂ ನೆಟ್ಟ. ಪುದೀನವನ್ನೂ ಬಿಡಲಿಲ್ಲ, ಮೂಲಂಗಿಯನ್ನೂ ಬಿಡಲಿಲ್ಲ. ಗಿಡ ಸತ್ತರೆ ಅದರ ಫಲಕದ ಮೇಲೆ ಮರಣದ ದಿನವೂ ಬೀಳುತ್ತಿತ್ತು.

ಎಡವಟ್ಟಾದದ್ದು ಎರಡು ಪಾತಿಗಳಲ್ಲಿ. ಒಂದರಲ್ಲಿ ಕೊತ್ತಂಬರಿ, ಪಕ್ಕದ್ದರಲ್ಲಿ ಮಾದನೂಸ್, ಅಂದರೆ ಪಾರ್ಸ್ಲಿ. ನೋಡಲು ಅಕ್ಕತಂಗಿಯರಂಥ ಸೊಪ್ಪು, ವಾಸನೆ ಮಾತ್ರ ಬೇರೆ. ತಿಜಾನಿ ಗೂಟಗಳನ್ನು ಅದಲುಬದಲು ನೆಟ್ಟಿದ್ದ. ಸೊಪ್ಪು ಬೆಳೆದ ದಿನ ಹೆಂಡತಿ ಮನ್ನೂಬಿಯಾ ಒಂದೆಲೆ ಹಿಸುಕಿ ಮೂಸಿದಳು.

"ರೀ, ಇದು ಕೊತ್ತಂಬರಿ ಕಣ್ರೀ. ನೀವು ಮಾದನೂಸ್ ಅಂತ ಬರ್ದಿದೀರ."

"ಬರ್ದಿರೋದು ಬರ್ದಾಯ್ತು."

"ಮೂಸಿ ನೋಡಿ!"

"ಮೂಗಿನ ಮಾತು ಕೇಳಿ ಹೆಸರು ತಿದ್ದೋಕಾಗಲ್ಲ. ತಿದ್ದುಪಡಿಗೆ ಇಬ್ಬರು ಸಾಕ್ಷಿ ಬೇಕು. ಮನೆಯವರು ಆಗಲ್ಲ."

ಅವಳು ತಲೆ ಚಚ್ಚಿಕೊಂಡು ಪಕ್ಕದ ಮನೆಯ ವಿಧವೆ ಸಲ್ಲೂಹಾಳನ್ನೂ ಬೇಕರಿಯ ಬೂರಾವಿಯನ್ನೂ ಕರೆತಂದಳು. ತಿಜಾನಿ ಕೋಟು ತೊಟ್ಟು, ಹಿತ್ತಲಲ್ಲಿ ಮೇಜು ಹಾಕಿ ಕುಳಿತ. ಇಬ್ಬರ ತಂದೆಯ ಹೆಸರೂ ಬರೆದುಕೊಂಡ. ಬೂರಾವಿಯ ತಂದೆ ತಿಜಾನಿಯ ಸೋದರಮಾವನೇ; ಆದರೂ ಹೆಸರು ಕೇಳಿಯೇ ಬರೆದ.

ಸಲ್ಲೂಹಾ ಮೂಸಿ, "ಕೊತ್ತಂಬರಿ. ಕತ್ತೆಗೂ ಗೊತ್ತಾಗುತ್ತೆ," ಎಂದಳು.

"ಕತ್ತೆಯ ಸಾಕ್ಷಿ ನಡೆಯಲ್ಲ, ಸಲ್ಲೂಹಾ ಅಮ್ಮಾ. ನಿಮ್ಮ ಹೇಳಿಕೆ ಅಷ್ಟೇ ಹೇಳಿ."

ಬೂರಾವಿ ಎರಡೂ ಸೊಪ್ಪನ್ನು ಮೂಗಿಗೆ ಒತ್ತಿಕೊಂಡು ಬಹಳ ಹೊತ್ತು ನಿಂತ. ನಾಲ್ಕು ದಿನದಿಂದ ಅವನಿಗೆ ನೆಗಡಿ.

"ತಿಜಾನಿ ಸಾಹೇಬ್ರೇ, ದೇವರಾಣೆ ಎರಡೂ ಒಂದೇ ಥರ."

"ಒಬ್ಬರು ಹೌದು, ಒಬ್ಬರಿಗೆ ತಿಳಿಯದು. ಅರ್ಜಿ ವಜಾ," ಎಂದು ತಿಜಾನಿ ಪೆನ್ನಿಗೆ ಮುಚ್ಚಳ ಹಾಕಿದ.

"ಸೀನಿಬಿಟ್ಟು ಇನ್ನೊಂದ್ಸಲ ಮೂಸೋ, ಬೂರಾವಿ!" ಎಂದು ಮನ್ನೂಬಿಯಾ ಕೂಗಿದಳು. ಅವನು ಸೀನಿದ. ಪ್ರಯೋಜನವಾಗಲಿಲ್ಲ.

ಶುಕ್ರವಾರ ಬೀಗರು ಮೀನಿನ ಸಾರು, ಶೋರ್ಬಾ, ಉಣ್ಣಲು ಬರುವವರಿದ್ದರು; ಅದಕ್ಕೆ ಕೊತ್ತಂಬರಿ ಬೇಕೇ ಬೇಕು. ಫಲಕ ಮುಟ್ಟಿದರೆ ಗಂಡ ವಾರಗಟ್ಟಲೆ ಮಾತು ಬಿಡುತ್ತಾನೆಂದು ಅವಳಿಗೆ ಗೊತ್ತು. ಹಾಗೆಂದು ಮಾದನೂಸನ್ನು ಕೊತ್ತಂಬರಿ ಎಂದು ಕರೆದುಕೊಂಡು ಬಾಳಲು ಅವಳು ತಯಾರಿರಲಿಲ್ಲ. ಸೋಮವಾರ ಮಧ್ಯಾಹ್ನ ಅವನು ಮಸೀದಿಗೆ ಹೋದಾಗ ಮನ್ನೂಬಿಯಾ ಸೆರಗು ಸಿಕ್ಕಿಸಿ, ಗೂಟಗಳನ್ನು ಇದ್ದಲ್ಲೇ ಬಿಟ್ಟು, ಎರಡೂ ಪಾತಿಯ ಗಿಡಗಳನ್ನು ಬೇರುಸಹಿತ ಕಿತ್ತು ಅತ್ತದ್ದು ಇತ್ತ, ಇತ್ತದ್ದು ಅತ್ತ ನೆಟ್ಟಳು. ಸೊಂಟ ಹಿಡಿದುಹೋಯಿತು.

ತಿಜಾನಿ ಬಂದವನೇ ಕೊತ್ತಂಬರಿ ಎಂದು ಬರೆದಿದ್ದ ಪಾತಿಯ ಮುಂದೆ ಬಗ್ಗಿ, ಒಂದೆಲೆ ಮೂಸಿದ. ಮೂಸಿ ನೆಟ್ಟಗಾದ.

"ನೋಡಿದ್ಯಾ? ಕಾಗದ ಸುಳ್ಳು ಹೇಳಲ್ಲ."

ಅವಳು ಕೈಯ ಮಣ್ಣನ್ನು ಬೆನ್ನ ಹಿಂದೆ ಒರೆಸಿಕೊಂಡಳು. ನಗು ಬಂದರೂ ನಗಲು ಸೊಂಟ ಬಿಡಲಿಲ್ಲ.

ಮಾದನೂಸ್ ಹೊಸ ಪಾತಿಯಲ್ಲಿ ಬೇರೂರಿತು. ಕೊತ್ತಂಬರಿಗೆ ಜಾಗ ಬದಲಾದದ್ದು ಒಗ್ಗದೆ ಗುರುವಾರದ ಹೊತ್ತಿಗೆ ಪೂರ್ತಿ ಬಾಡಿ ಮಲಗಿತು. ತಿಜಾನಿ ಫಲಕ ಕಿತ್ತು ತಂದು ಮರಣದ ದಿನ ಬರೆದ. ಕಾರಣದ ಜಾಗದಲ್ಲಿ ತುಸು ಯೋಚಿಸಿ "ವಯೋಸಹಜ" ಎಂದು ಸೇರಿಸಿದ. ಗಿಡಕ್ಕೆ ಆರು ವಾರ ವಯಸ್ಸಾಗಿತ್ತು.

ಬೀಗರ ಊಟಕ್ಕೆ ಸಲ್ಲೂಹಾ ಗೋಡೆಯ ಮೇಲಿಂದ ಒಂದು ಕಟ್ಟು ಕೊತ್ತಂಬರಿ ದಾಟಿಸಿದಳು. ಯಾವ ಪಾತಿಯದು, ಯಾವತ್ತು ಬಿತ್ತಿದ್ದು, ಒಂದೂ ಗೊತ್ತಿಲ್ಲದ ಸೊಪ್ಪು. ತಿಜಾನಿ ಎರಡು ಬಟ್ಟಲು ಶೋರ್ಬಾ ಕುಡಿದು, ಮೂರನೆಯದಕ್ಕೆ ಬಟ್ಟಲು ಚಾಚಿದ.