ಹುಚ್ಚಯ್ಯನ ಎಡಗೆನ್ನೆ

ಹೆಮ್ಮಿಗೆಯ ಹುಚ್ಚಯ್ಯನ ಎಡಗೆನ್ನೆ ತಾಕದೆ ಆ ಕಾಲದಲ್ಲಿ ತಿರುಮಕೂಡಲು ನರಸೀಪುರದ ರಂಗದ ಮೇಲೆ ಒಬ್ಬ ರಾಜನಿಗೂ ಪಟ್ಟವಾದದ್ದಿಲ್ಲ, ಒಬ್ಬ ರಾಕ್ಷಸನೂ ಹಲ್ಲು ಕಡಿದದ್ದಿಲ್ಲ. ಮೂರು ಲೋಕ ಗೆದ್ದು ಬಂದ ಚಕ್ರವರ್ತಿಯೂ ಪರದೆ ಏಳುವ ಮುಂಚೆ ಹುಚ್ಚಯ್ಯನ ಮುಂದೆ ಕುರಿಮರಿಯಂತೆ ಕತ್ತು ಚಾಚಿ ನಿಲ್ಲಬೇಕಾಗಿತ್ತು.

ಹುಚ್ಚಯ್ಯ ನಾಟಕದ ಕಂಪನಿಯಲ್ಲಿ ಮುಖಕ್ಕೆ ಬಣ್ಣ ಬರೆಯುವವನು. ಯಾವ ಪಾತ್ರವೇ ಆಗಲಿ, ಮುಖವೆಲ್ಲ ಬರೆದು ಎಡಗಿವಿಯ ಕೆಳಗೆ ನಿಪ್ಪಟ್ಟಿನಷ್ಟು ಜಾಗವನ್ನು ಬರಿದೇ ಬಿಡುತ್ತಿದ್ದ. ಆಮೇಲೆ ಬಾಗಿ, ತನ್ನ ಎಡಗೆನ್ನೆಯನ್ನು ಅಲ್ಲಿಗೆ ಒತ್ತಿ, ಕಣ್ಣು ಮುಚ್ಚಿ, ಉಸಿರು ಹಿಡಿದು ನಿಲ್ಲುತ್ತಿದ್ದ. ನಿಂತು, ತಲೆಯಾಡಿಸಿ, ‘ಓಗು’ ಎನ್ನುತ್ತಿದ್ದ. ಇಷ್ಟೇ. ಆದರೆ ಇಷ್ಟಕ್ಕೇ ಸುಮ್ಮನಿರಲು ನರಸೀಪುರದವರಿಗೇನು ಬೇರೆ ಕೆಲಸವಿತ್ತೇ? ಅವನು ಕಿವಿಯಲ್ಲಿ ಮಂತ್ರ ಊದುತ್ತಾನೆಂದು ಒಂದು ಪಂಗಡ. ಊದುವುದಲ್ಲ, ಪಾತ್ರದ ಜೀವವನ್ನೇ ಕೆನ್ನೆಯಿಂದ ಕೆನ್ನೆಗೆ ದಾಟಿಸುತ್ತಾನೆಂದು ಇನ್ನೊಂದು. ಕೊಳ್ಳೇಗಾಲದ ಕಡೆಯ ಮಾಂತ್ರಿಕನೊಬ್ಬನ ಮನೆಯಲ್ಲಿ ನೀರು ಹೊತ್ತು ಸಂಪಾದಿಸಿದ ವಿದ್ಯೆಯಂತೆ. ಸಂಗಮದಲ್ಲಿ ಕುತ್ತಿಗೆಮಟ್ಟ ನಿಂತು ಸಾಧಿಸಿದನಂತೆ. ಆಗ ಕಪಿಲೆ ಒಂದು ಗಳಿಗೆ ಕಾವೇರಿಯನ್ನು ಸೇರುವುದನ್ನೇ ಮರೆತು ನಿಂತಳಂತೆ. ಹೆಣ್ಣುಪಾತ್ರ ಮಾಡುತ್ತಿದ್ದ ಒಬ್ಬನಿಗೆ ಆ ಕೆನ್ನೆ ತಾಕಿದಾಗಿನಿಂದ ಮೀಸೆ ಬೆಳೆಯುವುದೇ ನಿಂತುಹೋಯಿತಂತೆ. ತಾಂಡವಪುರದ ರೈತನೊಬ್ಬ ಹಾಲು ಬತ್ತಿದ ಎಮ್ಮೆಯನ್ನು ಅಷ್ಟು ದೂರದಿಂದ ಹೊಡೆದುಕೊಂಡು ಬಂದು, ‘ಒಂದೇ ಒಂದು ಕಿತ ಕೆನ್ನೆ ಮಡಗಣ್ಣ’ ಎಂದು ಕೈಮುಗಿದ. ಹುಚ್ಚಯ್ಯ ಗಂಭೀರವಾಗಿ ಎಮ್ಮೆಯ ಕತ್ತಿಗೆ ಕೆನ್ನೆ ಇಟ್ಟು, ‘ಚೆನ್ನಾಗದೆ, ಒಡ್ಕೊಂಡೋಗು’ ಎಂದ. ಎಮ್ಮೆ ಹಾಲು ಕರೆಯಿತೋ ಇಲ್ಲವೋ, ಕಥೆಯಂತೂ ದಿನಕ್ಕೆರಡು ಹೊತ್ತು ಕರೆಯತೊಡಗಿತು.

ಈ ಕೆನ್ನೆ ಹುಟ್ಟಿನಿಂದ ಬಂದ ವರವಲ್ಲ. ಹುಚ್ಚಯ್ಯ ಕಂಪನಿ ಸೇರಿದ ಮೊದಲ ವರ್ಷಗಳಲ್ಲಿ ಅವನ ಎಡಗೆನ್ನೆಗೂ ಬಲಗೆನ್ನೆಗೂ ಯಾವ ಭೇದವೂ ಇರಲಿಲ್ಲ. ಆಗ ಅವನ ಹೆಸರು ನಿಂತದ್ದು ಅಂಗೈ ಮೇಲೆ. ಜೇನುಮೇಣವನ್ನು ಕೆಂಡದ ಬಟ್ಟಲಲ್ಲಿ ಕರಗಿಸಿ, ಅಂಗೈಗಳ ನಡುವೆ ಹೊಸೆದು, ಬಿಸಿ ಆರುವ ಮುಂಚೆ ಮುಖಕ್ಕೆ ಮೆತ್ತಿದನೆಂದರೆ ಅಲ್ಲೊಂದು ಹುಣ್ಣು, ಇಲ್ಲೊಂದು ಕತ್ತಿಯ ಗಾಯ, ಬೇಕಾದರೆ ಇನ್ನೊಂದು ಮೂಗು. ಇಪ್ಪತ್ತರ ಹುಡುಗನ ಕೆನ್ನೆಯನ್ನು ಎಳೆದು ಹಿಡಿದು ಜಾಲಿ ಅಂಟು ಬಳಿದು, ಒಣಗಿದ ಮೇಲೆ ಬಿಟ್ಟರೆ, ಎಂಬತ್ತರ ಮುದುಕನ ಸುಕ್ಕು. ರಕ್ತಕ್ಕೆ ಅರಗಿನ ಬಣ್ಣ, ಬೆಲ್ಲದ ಪಾಕ. ಈ ರಕ್ತದಲ್ಲಿ ಒಂದೇ ಒಂದು ದೋಷ: ರಣರಂಗದಲ್ಲಿ ವೀರಸ್ವರ್ಗ ಸೇರಿದ ಸೇನಾಪತಿ ಎಡಗೈಯಲ್ಲಿ ನೊಣ ಓಡಿಸುತ್ತ ಮಲಗಬೇಕಾಗುತ್ತಿತ್ತು.

ಹುಚ್ಚಯ್ಯನ ತಮ್ಮ ರಂಗನಾಯಕ ಅದೇ ಕಂಪನಿಯ ರಾಜಪಾತ್ರಧಾರಿ. ಕಂಠ ಇತ್ತು, ಎತ್ತರ ಇತ್ತು, ಬುದ್ಧಿ ಅಣ್ಣನ ಹತ್ತಿರ ಇರಲೆಂದು ಬಿಟ್ಟಿದ್ದ. ಹೆಮ್ಮಿಗೆಯಿಂದ ಗಾಡಿ ಹೊರಡುವಾಗಲೆಲ್ಲ ಅವನ ಹೆಂಡತಿ ಸಾಕಮ್ಮ ಭಾವನಿಗೆ ಅದೇ ಮಾತು ಹೇಳಿ ಕಳಿಸುತ್ತಿದ್ದಳು:

‘ಬಾವ, ಅವ್ರಿಗೆ ಜೀವ ಓಯ್ತಾ ಇದ್ರೂ ಬಾಯಿ ಬಿಡಾಕಿಲ್ಲ. ನೀವೇ ಮೈ ಮುಟ್ಟಿ ನೋಡ್ಕಬೇಕು.’

‘ದಿನಾ ಅವನ ಮಕ ಮುಟ್ಟೋನು ನಾನು ಕಣವ್ವ. ನಂಗೊತ್ತಾಗ್ದೆ ಇನ್ಯಾರಿಗೆ ಗೊತ್ತಾದಾತು?’ ಎಂದು ಹುಚ್ಚಯ್ಯ ನಗುತ್ತಿದ್ದ.

ಕಂಪನಿಯ ಮಾಲೀಕ ಶಿವಮಲ್ಲಪ್ಪ ಒಂದು ವರ್ಷ ನಂಜನಗೂಡಿನಲ್ಲಿ ಡೇರೆ ಹಾಕಿಸಿದ್ದ. ರಾಜನೊಬ್ಬನಿಗೆ ಮಂತ್ರಿ ವಿಷ ಕುಡಿಸುವ ಹೊಸ ನಾಟಕ. ವಿಷವನ್ನೇ ಕುಡಿದು ಅರಗಿಸಿಕೊಂಡ ದೇವರ ಊರಿನಲ್ಲಿ, ವಿಷ ಕುಡಿದು ಪೆಚ್ಚಾಗಿ ಸಾಯುವ ರಾಜನನ್ನು ತೋರಿಸಿ ಚಪ್ಪಾಳೆ ಗಿಟ್ಟಿಸುವುದು ಹೇಗೆ ಎಂದು ಶಿವಮಲ್ಲಪ್ಪನಿಗೆ ಚಿಂತೆ. ‘ಹುಚ್ಚಯ್ಯ, ಜನ ನೋಡ್ತಾ ನೋಡ್ತಾ ಇದ್ದ ಹಾಗೆ ರಾಜನ ಮುಖಕ್ಕೆ ವಿಷ ಏರಬೇಕು ಕಣಯ್ಯ. ಪರದೆ ಬೀಳಿಸಬಾರದು, ಮುಖ ಒರೆಸಬಾರದು’ ಎಂದ. ಬೇರೆ ಯಾರೇ ಆಗಿದ್ದರೂ ಕಂಪನಿ ಬಿಟ್ಟು ಓಡುತ್ತಿದ್ದರು.

ಹುಚ್ಚಯ್ಯನಿಗೆ ಉಪಾಯ ಸಿಕ್ಕಿದ್ದು ಹೆಮ್ಮಿಗೆಯಲ್ಲಿ. ಅಟ್ಟದ ಮೇಲಿದ್ದ ನೀಲಿ ಔಷಧಿ ಸೀಸೆಯನ್ನು ತೊಳೆದು ಬಿಸಿಲಿಗೆ ಹಿಡಿದಿದ್ದ. ಅದರ ಮೂಲಕ ನೋಡಿದರೆ ಎದುರು ನಿಂತಿದ್ದ ಸಾಕಮ್ಮನ ಹಣೆಯ ಕುಂಕುಮ ಕಾಡಿಗೆಯಂತೆ ಕಪ್ಪಾಗಿ ಕಂಡಿತು. ಸೀಸೆ ಇಳಿಸಿದರೆ ಕೆಂಪು, ಏರಿಸಿದರೆ ಕಪ್ಪು. ‘ಏನ್ ಬಾವ, ಆಟ ಆಡ್ತಿದ್ದೀರಾ?’ ಎಂದು ಸಾಕಮ್ಮ ನಕ್ಕಳು. ಹುಚ್ಚಯ್ಯ ನಗಲಿಲ್ಲ. ನಂಜನಗೂಡಿನ ರೈಲು ನಿಲ್ದಾಣದಲ್ಲಿ ಒಡೆದ ಲಾಂದ್ರವೊಂದರ ಕೆಂಪು ಗಾಜು ಬೇಡಿ ತಂದ. ಕುಂಕುಮದ ಬಣ್ಣದಲ್ಲಿ ತಮ್ಮನ ಮುಖದ ಮೇಲೆ ನರನರವಾಗಿ ಗೆರೆ ಎಳೆದ. ಗ್ಯಾಸ್ ಬತ್ತಿಯ ಮುಂದೆ ಕೆಂಪು ಗಾಜು ಹಿಡಿದರೆ ಮುಖವೆಲ್ಲ ಕೆಂಪಾಗಿ ಗೆರೆಗಳೇ ಕಾಣಿಸವು. ಕೆಂಪು ಸರಿಸಿ ಮೆಲ್ಲಗೆ ನೀಲಿ ತಂದರೆ, ಒಂದೊಂದೇ ನರ ಕಪ್ಪಾಗಿ ಎದ್ದು ವಿಷ ಹಣೆಗೇರುತ್ತದೆ! ಮೊದಲ ಸಲ ನೋಡಿದಾಗ ಶಿವಮಲ್ಲಪ್ಪ ಕೂತ ಪೆಟ್ಟಿಗೆಯಿಂದ ಹಿಂದಕ್ಕೆ ಬಿದ್ದ. ಅಂದಿನಿಂದ ಹುಚ್ಚಯ್ಯ ನಡೆಯುವಾಗ ನೆಲ ಕಾಣುತ್ತಿರಲಿಲ್ಲ.

ಮೊದಲ ಪ್ರದರ್ಶನದ ದಿನ ಡೇರೆ ಕಿಕ್ಕಿರಿದಿತ್ತು. ಮೈಸೂರಿನಿಂದಲೂ ರೈಲಿನಲ್ಲಿ ಜನ ಬಂದಿದ್ದರು. ದೀಪ ಹಚ್ಚುವ ಹೊತ್ತಿಗೆ ರಂಗನಾಯಕ ಬಂದು ಮುಖ ಒಡ್ಡಿ ಕೂತ. ಮಾತು ಕಡಿಮೆ.

‘ಯಾಕ್ಲಾ, ಮಕ ಸಪ್ಪಗದೆ?’

‘ಏನಿಲ್ಲ ಕಣಣ್ಣ. ನೀ ಬರಿ.’

ಹುಚ್ಚಯ್ಯ ಮೇಣ ಹೊಸೆದು ಹುಬ್ಬಿಗೆ ಮೆತ್ತಿದ, ಕೆನ್ನೆ ತೀಡಿದ, ಕತ್ತಿನ ತನಕ ಗೆರೆ ಎಳೆದ. ತಮ್ಮನ ಮುಖದ ಮೇಲೆ ಅವನ ಕೈ ಆಡದ ಜಾಗವೇ ಉಳಿಯಲಿಲ್ಲ.

ಆ ಕಾಲದ ಪ್ರೇಕ್ಷಕರಿಗೆ ಒಂದು ಮಹಾ ಅಧಿಕಾರವಿತ್ತು. ಹಾಡು ಮೆಚ್ಚಿದರೆ ‘ಒನ್ಸ್ ಮೋರ್’ ಎಂದು ಕೂಗುವುದು. ಕೂಗಿದರೆ ಇನ್ನೊಮ್ಮೆ ಹಾಡಲೇಬೇಕು. ಯುದ್ಧ ಮೆಚ್ಚಿದರೆ ಇನ್ನೊಮ್ಮೆ ಯುದ್ಧ. ಸಾವು ಮೆಚ್ಚಿದರೆ? ಸತ್ತವನು ಎದ್ದು, ಧೂಳು ಕೊಡವಿ, ಸಭೆಗೆ ಕೈಮುಗಿದು, ಮತ್ತೆ ಸಾಯಬೇಕು. ಯಮನಿಗೂ ಇಲ್ಲದ ಈ ಅಧಿಕಾರವನ್ನು ನೆಲದ ಮೇಲೆ ಚಾಪೆ ಹಾಸಿ ಕೂತವನೂ ಚಲಾಯಿಸುತ್ತಿದ್ದ.

ರಂಗನಾಯಕ ಬಟ್ಟಲೆತ್ತಿ ಕುಡಿದ. ಕೆಂಪು ಗಾಜು ಸರಿಯಿತು, ನೀಲಿ ಬಂತು. ಕತ್ತಿನಿಂದ ಕಪ್ಪು ನರಗಳು ಹರಿದಾಡುತ್ತ ಹಣೆಗೇರಿದವು. ಹೆಂಗಸರು ಚೀರಿದರು, ಮುದುಕನೊಬ್ಬ ‘ನಂಜುಂಡಾ!’ ಎಂದು ಎದ್ದೇ ನಿಂತ. ರಾಜ ಬಿದ್ದ. ಬಿದ್ದದ್ದೇ ತಡ, ಡೇರೆಯ ಗೂಟ ಕೀಳುವ ಹಾಗೆ ಕೂಗು: ‘ಒನ್ಸ್ ಮೋರ್!’

ರಾಜ ಎದ್ದ, ಕೈಮುಗಿದ, ಕುಡಿದ, ಸತ್ತ. ಮತ್ತೆ ಅದೇ ಕೂಗು. ಈ ಸಲ ಏಳುವುದು ತಡವಾಯಿತು. ಎದ್ದವನು ಸಭೆಗೆ ಕೈಮುಗಿಯದೆ ಪಕ್ಕದ ಪರದೆಯ ಮರೆಗೆ ಬಂದ.

‘ಅಣ್ಣಾ, ವಸಿ ನೀರು ಕೊಡು.’

ಹುಚ್ಚಯ್ಯನ ಕೈಯಲ್ಲಿ ಆಗಷ್ಟೇ ಹೊಸೆದ ಮೇಣವಿತ್ತು. ಬೆವರಿಗೆ ಒಂದು ಹುಬ್ಬು ಸಡಿಲವಾಗಿತ್ತು. ಅದನ್ನು ಒತ್ತಿ ಕೂರಿಸುತ್ತ, ‘ಈಗ ಬ್ಯಾಡ ಕಣ್ಲಾ, ತುಟಿ ಬಣ್ಣ ಅಳಿಸೋಯ್ತದೆ. ಇದೊಂದು ಕಿತ ಸತ್ತು ಬಾ, ಆಮೇಲೆ ಒಂದು ಚೊಂಬು ಕುಡಿವಂತೆ’ ಎಂದ.

ರಂಗನಾಯಕ ಅಣ್ಣನ ಮುಖ ನೋಡಿದ. ‘ಆಗ್ಲಿ’ ಎಂದು ಹೋದ.

ಮೂರನೆಯ ಸಾವಿನ ಮುಂದೆ ಮೊದಲೆರಡು ಏನೂ ಅಲ್ಲ. ಬಟ್ಟಲು ಕೈಜಾರಿತು. ಮಾತು ಅರ್ಧಕ್ಕೇ ನಿಂತಿತು. ಮೊಣಕಾಲು ಮಡಿಸಿ, ಮೂಟೆ ಇಳಿಸಿದಂತೆ ಕುಸಿದ. ‘ಎಂಗ್ ಮಾಡ್ತಾವ್ನೆ ನೋಡಿ ಬುದ್ದಿ, ನನ್ನ ತಮ್ಮ!’ ಎಂದು ಹುಚ್ಚಯ್ಯ ಶಿವಮಲ್ಲಪ್ಪನ ತೋಳು ಹಿಡಿದು ಅಲ್ಲಾಡಿಸಿದ. ಮತ್ತೆ ಕೂಗೆದ್ದಿತು. ರಾಜ ಏಳಲಿಲ್ಲ. ಏಳದಿರುವುದೂ ಆಟವೆಂದು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು. ಪರದೆ ಇಳಿಯಿತು.

‘ಏಳ್ಲಾ ರಂಗ. ನೀರು ತಂದಿವ್ನಿ.’

ಗಾಜು ತೆಗೆದ ಬಿಳಿ ಬೆಳಕಿನಲ್ಲಿ ಗೆರೆಗಳೆಲ್ಲ ಮತ್ತೆ ಬರೀ ಕುಂಕುಮವಾಗಿದ್ದವು. ಹುಚ್ಚಯ್ಯ ಚೊಂಬು ಕೆಳಗಿಟ್ಟು, ಹರಳೆಣ್ಣೆಯ ಬಟ್ಟೆಯಿಂದ ತಮ್ಮನ ಮುಖ ಒರೆಸತೊಡಗಿದ. ನರಗಳು ಹೋದವು. ಮೇಣದ ಹುಬ್ಬು ಕಳಚಿ ಬಂತು. ತುಟಿಯ ಕೆಂಪೂ ಹೋಯಿತು. ಅದರಡಿಯ ನೀಲಿ ಮಾತ್ರ ಎಷ್ಟು ಒರೆಸಿದರೂ ಬರಲಿಲ್ಲ. ತುಟಿಗೆ ಹುಚ್ಚಯ್ಯ ನೀಲಿ ಹಚ್ಚಿಯೇ ಇರಲಿಲ್ಲ.

ಪರದೆಯ ಆಚೆ ಜನ ಇನ್ನೂ ಕೂಗುತ್ತಿದ್ದರು, ‘ಒನ್ಸ್ ಮೋರ್!’

ರಂಗನಾಯಕನಿಗೆ ಚಳಿಜ್ವರ ಬಂದು ಆಗಲೇ ಕೆಲವು ದಿನ ಆಗಿತ್ತಂತೆ. ಜೊತೆಯವರಿಗೆ, ‘ಅಣ್ಣಂಗೆ ಯೋಳ್ಬ್ಯಾಡಿ, ಅವನ ಇಸದ ಆಟ ಕೆಟ್ಟೋಯ್ತದೆ’ ಎಂದಿದ್ದನಂತೆ.

ಹೆಮ್ಮಿಗೆಗೆ ಗಾಡಿ ಬಂದಾಗ ಸಾಕಮ್ಮ ಬೀದಿಗೇ ಓಡಿ ಬಂದಳು. ಅತ್ತದ್ದೆಲ್ಲ ಮುಗಿದು ಮಾತು ಬರುವಂತಾದ ಮೇಲೆ ಅವಳು ಕೇಳಿದ್ದು ಒಂದೇ: ‘ಮೈ ಮುಟ್ಟಿ ನೋಡಿದ್ರಾ ಬಾವ?’

‘ಮುಟ್ಟಿದ್ದೆ ಕಣವ್ವ.’

ಸುಳ್ಳಲ್ಲ. ಹುಚ್ಚಯ್ಯ ಎಷ್ಟೋ ದಿನ ತನ್ನ ಅಂಗೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡ. ಒಂದು ದಿನ ಸಾಕಮ್ಮನ ಕೂಸಿಗೆ ಜ್ವರ ಬಂದಾಗ, ಒಲೆಯಲ್ಲಿ ಮೇಣ ಕರಗಿಸಿ, ಅಂಗೈಗಳಲ್ಲಿ ಹೊಸೆದು, ಅದರ ಹಣೆ ಮುಟ್ಟಿದ. ತಣ್ಣಗಿತ್ತು! ಕೈ ತೊಳೆದು, ಆರಿಸಿಕೊಂಡು ಮತ್ತೆ ಮುಟ್ಟಿದ. ಕೂಸಿನ ಹಣೆ ಕಾದ ಕಾವಲಿಯಂತೆ ಸುಡುತ್ತಿತ್ತು. ಇಡೀ ಸೀಮೆ ಕೊಂಡಾಡಿದ ಆ ಕೈ, ಹದ ತಪ್ಪದ ಆ ಕೈ, ಅಂದು ಮೇಣದ ಬಿಸಿಯಲ್ಲಿ ತಮ್ಮನ ಮುಖವೆಲ್ಲ ಆಡಿ ಬಂದು ಹೇಳಿದ್ದು ಇಷ್ಟೇ: ಎಲ್ಲ ಸರಿಯಿದೆ. ಬಾಗಿಲಲ್ಲಿ ನಿಂತಿದ್ದ ಸಾಕಮ್ಮ ಅದನ್ನೆಲ್ಲ ನೋಡಿದಳು. ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಹುಚ್ಚಯ್ಯ ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆಸೆದು ಉಳುವುದಕ್ಕೆ ನಿಂತ. ನೇಗಿಲು ಅವನನ್ನು ಲೇವಡಿ ಮಾಡಿತು. ಅವನ ಸಾಲು ಅಂಕುಡೊಂಕು, ಅವನ ಎತ್ತುಗಳಿಗೇ ನಾಚಿಕೆ. ಕೆಲವು ವರ್ಷ ಕಳೆದ ಮೇಲೆ ಶಿವಮಲ್ಲಪ್ಪ ಜಗಲಿಗೆ ಬಂದು ಕೂತ. ಅವನೂ ಹಣ್ಣಾಗಿದ್ದ. ‘ನೀನಿಲ್ಲದೆ ನಮ್ಮ ರಾಜರೆಲ್ಲ ಸಂತೆಗೆ ಬಂದವರ ಹಾಗೆ ಕಾಣ್ತಾರೆ ಕಣಯ್ಯ’ ಎಂದ. ಹುಚ್ಚಯ್ಯ ತಲೆಯೆತ್ತದೆ, ‘ನನ್ನ ಕೈ ನಂಬಬ್ಯಾಡಿ ಬುದ್ದಿ’ ಎಂದ.

ಒಳಗಿನಿಂದ ಸಾಕಮ್ಮ ಅಟ್ಟದ ಪೆಟ್ಟಿಗೆ ಇಳಿಸಿ, ಸೆರಗಿನಿಂದ ಧೂಳು ಒರೆಸಿ ತಂದಿಟ್ಟಳು.

‘ಓಗಿ ಬಾವ. ಕೈ ಬ್ಯಾಡ. ಕೆನ್ನೆ ಮಡಗಿ ನೋಡಿ. ಒಲೆ ಮುಂದೆ ಹಿಟ್ಟು ತೊಳಸಿದ ಬಿಸಿ ಕೈಯಾಗೆ ನಮಗೂ ಗೊತ್ತಾಗಾಕಿಲ್ಲ. ಮಕ್ಕಳ ಮೈ ನಾವು ನೋಡೋದು ಅಂಗೇಯ.’

ಇಷ್ಟು ವರ್ಷಗಳಲ್ಲಿ ಆ ದಿನದ ಬಗ್ಗೆ ಅವಳು ಆಡಿದ ಎರಡನೆಯ ಮಾತು ಅದು.

ಹೀಗೆ ಆ ಕೆನ್ನೆ ನರಸೀಪುರಕ್ಕೆ ಬಂತು, ಬಂದು ಪುರಾಣವಾಯಿತು. ಅದರ ಕೀರ್ತಿ ಕೇಳಿ ತಾಲ್ಲೂಕಿನ ಹೊಸ ಅಮಲ್ದಾರರೇ ಒಂದು ಸಂಜೆ ಜರಿಪೇಟ ಸಮೇತ ಮುಂದಿನ ಕುರ್ಚಿಗೆ ದಯಮಾಡಿಸಿದರು. ಅವರಿಗೆ ವಿಷದ ನಾಟಕವೇ ಬೇಕು. ಶಿವಮಲ್ಲಪ್ಪ ಕಾಲು ಹಿಡಿದು ಹುಚ್ಚಯ್ಯನನ್ನು ಒಪ್ಪಿಸಿದ್ದ. ರಾಜನಾಗಿ ಚಿಕ್ಕಸ್ವಾಮಿ ಎಂಬ ಹೊಸ ನಟ. ಹುಚ್ಚಯ್ಯ ನರಗಳನ್ನೆಲ್ಲ ಎಳೆದು ಮುಗಿಸಿ, ಬಾಗಿ, ಕೆನ್ನೆ ಒತ್ತಿ, ಕಣ್ಣು ಮುಚ್ಚಿದ. ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ‘ಓಗು’ ಎನ್ನಲಿಲ್ಲ. ಹರಳೆಣ್ಣೆಯ ಬಟ್ಟೆ ತೆಗೆದುಕೊಂಡು, ಬರೆದದ್ದನ್ನೆಲ್ಲ ಒರೆಸತೊಡಗಿದ.

‘ಏನ್ ಮಾಡ್ತಿದ್ದೀಯೋ ಪಾಪಿ! ಅಮಲ್ದಾರರು ಕೂತಿದ್ದಾರೆ!’ ಎಂದು ಶಿವಮಲ್ಲಪ್ಪ ಕೈ ಹಿಡಿಯಲು ಬಂದ.

‘ನಂಗೇನೂ ಆಗಿಲ್ಲ ಕಣಣ್ಣ, ನೀ ಬರಿ’ ಎಂದ ಚಿಕ್ಕಸ್ವಾಮಿ.

ಆ ಮಾತಿಗೆ ಹುಚ್ಚಯ್ಯನ ಕೈ ಒಮ್ಮೆ ನಿಂತಿತು. ಮತ್ತೆ ಒರೆಸಿತು. ‘ಕೂತವ್ರು ಎದ್ದೋಯ್ತಾರೆ ಬುದ್ದಿ. ರಾಜ ಇವತ್ತು ಸಾಯಾಕಿಲ್ಲ’ ಎಂದ.

ಹೊರಗೆ ಶಿಳ್ಳೆ, ಕೂಗು. ಕೊನೆಗೆ ಅಮಲ್ದಾರರೇ ಪರದೆ ಸರಿಸಿ ಒಳಗೆ ಬಂದರು. ಅವರಿಗೆ ಕೋಪಕ್ಕಿಂತ ಕುತೂಹಲ. ಬೆತ್ತವನ್ನು ಕಂಕುಳಲ್ಲಿ ಇರುಕಿ, ದೇವಸ್ಥಾನದ ಗರ್ಭಗುಡಿಯೊಳಗೆ ಬಂದವರಂತೆ ದನಿ ತಗ್ಗಿಸಿದರು.

‘ಏನಯ್ಯಾ, ಇವತ್ತು ನಿನ್ನ ಮಂತ್ರ ಹತ್ತಲಿಲ್ಲವೋ? ಅದು ಯಾವ ದೇವತೆಯದು? ಯಾರ ಉಪದೇಶ? ನನ್ನೊಬ್ಬನಿಗಾದರೂ ಹೇಳು.’

ಹುಚ್ಚಯ್ಯ ಚಿಕ್ಕಸ್ವಾಮಿಯ ತಲೆ ಎತ್ತಿ ಹಿಡಿದು ಚೊಂಬಿನಿಂದ ನೀರು ಕುಡಿಸುತ್ತಿದ್ದ. ಅವನು ಕುಡಿದು ಮುಗಿಸುವ ತನಕ ಅಮಲ್ದಾರರು ಕಾಯಬೇಕಾಯಿತು.

‘ಮಂತ್ರ ಎಲ್ಲದೆ ಸಾ? ಜರ ಅದಾ ಅಂತ ನೋಡ್ತೀನಿ, ಅಷ್ಟೇಯ.’