ಮೂರು ಓಟಿನ ಲೆಕ್ಕ

ಇವತ್ತು ಬೆಳಿಗ್ಗೆ ಜಮಖಂಡಿ ಬಸ್ಸಿಗೆ ಕಾಯುತ್ತಿದ್ದಾಗ ಪಂಚಾಯ್ತಿ ಗೋಡೆಯಿಂದ ಹಸಿ ಅಂಟಿನ ವಾಸನೆ ಬಂತು. ಚುನಾವಣೆಯ ನೋಟೀಸು. ನಾಳೆಯಿಂದ ಅರ್ಜಿ; ನಮ್ಮ ವಾರ್ಡಿಗೆ ಮೂರು ಸೀಟು, ಒಬ್ಬೊಬ್ಬರಿಗೆ ಮೂರು ಓಟು. ಒಬ್ಬೊಬ್ಬರಿಗೆ ಮೂರಾ? ಬಸ್ಸು ಬಂತು, ಹೋಯಿತು. ನಾನು ಮನೆಗೆ ಓಡಿ ಐದು ವರ್ಷದ ಹಿಂದಿನ ಡೈರಿ ತೆಗೆದೆ.

ನಿಮಗೂ ಇಂಥ ಚಟವಿದ್ದರೆ ನನ್ನನ್ನು ಕ್ಷಮಿಸುತ್ತೀರಿ. ಮೊದಲ ಮಳೆ ಎಂದು ಬಿತ್ತು, ಯಾವ ಮದುವೆಯಲ್ಲಿ ಎಷ್ಟು ಹೋಳಿಗೆ ತಿಂದೆ, ಎಲ್ಲವನ್ನೂ ಬರೆದಿಡುವವನು ನಾನು. ಆ ವರ್ಷ ಅಪ್ಪನ ತಂಗಿ ಗಂಗವ್ವ ಪಂಚಾಯ್ತಿಗೆ ಅರ್ಜಿ ಹಾಕಿದ್ದಳು. ಅವಳಿಗೆ ಬೇಕಾದದ್ದು ಒಂದೇ, ನಳದ ನೀರು ಸಂಜೆ ಬರಬೇಕು. ಬರುತ್ತಿದ್ದುದು ಹನ್ನೊಂದಕ್ಕೆ, ಓಣಿಯ ಹೆಂಗಸರೆಲ್ಲ ಕಬ್ಬಿನ ಕಳೆ ತೆಗೆಯಲು ಹೋದ ಮೇಲೆ.

ಮೂರು ಸೀಟಿಗೆ ನಾಲ್ವರು. ಹಿರಿಯರು ಗುಡಿಯ ಕಟ್ಟೆಗೆ ಕರೆಸಿದರು. "ಗಂಗವ್ವಾ, ನೀ ಒಬ್ಬಾಕಿ ಹಿಂದ ಸರದ್ರ ಅವಿರೋಧ ಆಕೈತಿ. ಊರಾಗ ಜಗಳಿಲ್ಲ."

ಅತ್ತೆ ನನ್ನತ್ತ ತಿರುಗಿದಳು. "ಎಣಿಸಿ ಹೇಳೋ, ಗೆಲ್ತೇನೇನು?"

ನನಗೆ ಓಟಿನ ಹಕ್ಕು ಬಂದ ಹೊಸದು. ಎರಡು ದಿನ ಮನೆಮನೆ ತಿರುಗಿ "ಓಟು ಯಾರಿಗ್ರೀ?" ಎಂದು ಕೇಳಿದೆ. ಪ್ರತಿ ಮನೆ ಒಂದು ಹೆಸರು ಹೇಳಿತು, ನಾನು ಒಂದು ಗೀಟು ಎಳೆದೆ. ಅತ್ತೆಗೆ ಒಂಬತ್ತೇ ಗೀಟು, ನಾಲ್ವರಲ್ಲಿ ಎಲ್ಲಕ್ಕಿಂತ ಕಡಿಮೆ. "ಸೋಲ್ತಿ ಅತ್ತಿ," ಎಂದೆ. ಅವಳು ಅರ್ಜಿ ಹಿಂತೆಗೆದಳು.

ನಮ್ಮ ಕಡೆ ಮೊದಲ ಓಟು ಬೀಗರಿಗೆ, ಕೇಳಿದರೆ ಬಾಯಿಗೆ ಬರುವುದೂ ಅವರದೇ ಹೆಸರು. ಆಗಲೂ ಒಬ್ಬೊಬ್ಬರಿಗೆ ಮೂರು ಓಟಿತ್ತು; ಉಳಿದೆರಡು ಯಾರಿಗೆಂದು ನಾನು ಕೇಳಲೇ ಇಲ್ಲ. ಮತದಾನವೇ ನಡೆಯದ್ದರಿಂದ ನನ್ನ ತಪ್ಪು ನನಗೆ ತಿಳಿಯಲೂ ಇಲ್ಲ.

ಡೈರಿ ಹಿಡಿದು ಅಡುಗೆಮನೆಗೆ ಹೋದೆ; ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಹೇಳಿಬಿಟ್ಟೆ. ಅವಳ ಕೈ ನಿಂತಿತು.

"ಮೂರೂ ಕೇಳಿರ್ತಿ ಅಂತ ತಿಳದಿದ್ನೆಲ್ಲೋ! ಹೋಳಿಗಿ ಎಣಸಾಕ ಬರ್ತೈತಿ ನಿನಗ. ಐದ್ ವರ್ಸ ಲೇ, ಐದ್ ವರ್ಸ ಬಿಸಲಾಗ ನೀರ ಬಿಟ್ರು!"

"ಮತ್ತೊಮ್ಮಿ ಎಣಸ್ಲೇನು?"

"ಒಟ್ಟ ಬ್ಯಾಡ. ನಾಳಿ ಅರ್ಜಿ ತುಂಬೂಣು. ಸೂಚಕ ಅಂತ ನಿನ್ನ ಸಹಿ. ಸೋತ್ರ ಇಬ್ರೂ ಕೂಡೇ ಸೋಲೂಣು."

ಕೂತಲ್ಲಿ ಕೂರಲಾಗದೆ ಓಣಿಗೆ ಬಂದೆ. ಅತ್ತೆಯ ದನಿ ಕೇಳಿಸಿಕೊಂಡಿದ್ದ ಪಕ್ಕದ ಮನೆಯ ಶಿವಕ್ಕ ಕೇಳಿದಳು, "ನಿಮ್ಮತ್ತಿ ನಿಂದರ್ತಾಳಂತ? ಗೆಲ್ತಾಳೇನೋ?"

"ಗೊತ್ತಿಲ್ರೀ ಅಕ್ಕಾ," ಎಂದೆ. "ಈ ಸಲ ಓಟ ಮಾತ್ರ ನಡೀತೈತಿ."